ನಾಗರ ಪೆಟ್ಟಿಗೆಯ ನಡುಹಲಗೆ

ಹಾವಿನ ಕೋಣೆಗೆ ಹೊಸದಾಗಿ ಕೆಲಸಕ್ಕೆ ಸೇರಿದವರು ಈಗಲೂ ಒಬ್ಬಿಬ್ಬರು ನನ್ನನ್ನು ಹುಡುಕಿಕೊಂಡು ನಾಗಮಂಗಲದವರೆಗೆ ಬರುತ್ತಾರೆ. ಬಂದವರು ಕೇಳುವುದೆಲ್ಲ ಹೆಡೆ ಎತ್ತಿದ್ದು, ಬುಸುಗುಟ್ಟಿದ್ದು, ಸ್ವಲ್ಪದರಲ್ಲಿ ತಪ್ಪಿದ್ದು. ಇಲಿಗೂಡು ತೊಳೆಯುವುದು ಹೇಗೆ, ನೀರಿನ ಬೋಗುಣಿಯನ್ನು ಎಷ್ಟು ದಿನಕ್ಕೆ ಬಿಸಿಲಿಗಿಡಬೇಕು, ಪೊರೆ ಬಿಡುವ ಹಾವನ್ನು ಯಾಕೆ ಮುಟ್ಟಬಾರದು ಎಂದು ಒಬ್ಬರೂ ಕೇಳುವುದಿಲ್ಲ. ಈ ನೌಕರಿಯಲ್ಲಿ ಮುಕ್ಕಾಲು ಪಾಲು ಅದೇ. ಹಾವಿನವನು ಅಂದರೆ ಮೊದಲು ತೊಳೆಯುವವನು, ಆಮೇಲೆ ಕಾಯುವವನು. ಹಿಡಿಯುವುದು ವರ್ಷಕ್ಕೆ ನಾಲ್ಕು ದಿನದ ಮಾತು.

ಹೋದ ತಿಂಗಳು ಬಂದ ಒಬ್ಬ ಹೆಣ್ಣುಮಗಳು ಮಾತ್ರ ಸರಿಯಾದ ಪ್ರಶ್ನೆ ಕೇಳಿದಳು. "ಅಜ್ಜ, ಮೊಟ್ಟೆ ಬೇಕು ಅಂದ್ರೆ ಗಂಡು ಹೆಣ್ಣನ್ನ ಒಂದೇ ಪೆಟ್ಟಿಗೇಲಿ ಮಡಗ್ಬೇಕೋ, ಬ್ಯಾರೆ ಬ್ಯಾರೆನೋ?" ಎಂದಳು. "ಬ್ಯಾರೆ ಮಡಗವ್ವ. ಸೇರ್ಸೋ ಕಾಲಕ್ಕೆ ಸೇರ್ಸು, ಕಣ್ಣಮುಂದೆ ಸೇರ್ಸು, ಹೊತ್ತು ಮುಳುಗೋದ್ರೊಳಗೆ ಅಗಲಿಸು" ಎಂದು ಹೇಳಿ ಕಾಫಿ ಕುಡಿಸಿ ಕಳಿಸಿದೆ. ಅವಳ ಬಸ್ಸು ಹೋದ ಮೇಲೆ ಮನಸ್ಸು ಕುಟುಕಿತು. ಅರ್ಧ ಉತ್ತರ ಹೇಳಿ ಕಳಿಸಿದೆನಲ್ಲ ಎಂದು. ಉಳಿದರ್ಧ ಜಬ್ಬಾರಣ್ಣನ ಬಲಗೈಯ ವಿಷಯ. ಅದನ್ನು ಬರೆಯಲೆಂದೇ ಕೂತಿದ್ದೇನೆ.

ನಾನು ಬಡಗಿ ಮನೆಯವನು. ನಮ್ಮಪ್ಪ, ನಮ್ಮಜ್ಜ ಗಾಡಿಯ ಚಕ್ರ, ನೇಗಿಲು, ಕೂರಿಗೆ ಮಾಡಿ ಬದುಕಿದವರು. ನನ್ನ ಕಾಲಕ್ಕೆ ಟ್ರಾಕ್ಟರು ಬಂತು. ಚಕ್ರ ಕೇಳುವವರಿಲ್ಲದೆ ನಾನು ಉಳಿ ಬಾಚಿ ಹೊತ್ತುಕೊಂಡು ಊರೂರು ತಿರುಗಿದೆ. ಪಾಂಡವಪುರದಿಂದ ಕೆ.ಆರ್.ಎಸ್. ಕಡೆ ಹೋಗುವ ದಾರಿಯಲ್ಲಿ ಆಗ ಒಂದು ಸಣ್ಣ ಪ್ರಾಣಿಧಾಮವಿತ್ತು. ಅದರ ಹೆಸರು ಇಲ್ಲಿ ಬೇಡ. ಜಿಂಕೆ, ನವಿಲು, ಆಮೆ, ಹಿಂದೆ ಮೂಲೆಯಲ್ಲಿ ಹಾವಿನ ಕೋಣೆ. ಹಾವಿಗೆ ಹತ್ತು ಪೆಟ್ಟಿಗೆ ಮಾಡಿಕೊಡು ಎಂದು ಕರೆದರು. ಮಾಡಿಕೊಟ್ಟು ಹೋಗಬೇಕಿದ್ದವನು ರಿಪೇರಿಗೆಂದು ಉಳಿದೆ, ಉಳಿದವನಿಗೆ ಖಾಯಂ ಆಯಿತು, ನಿವೃತ್ತಿಯ ತನಕ ಅಲ್ಲೇ ಸವೆದೆ.

ಹಾವಿನ ಕೋಣೆಯ ನಿಜವಾದ ಯಜಮಾನ ಜಬ್ಬಾರಣ್ಣ. ಶ್ರೀರಂಗಪಟ್ಟಣದ ಗಂಜಾಮಿನವನು. ಅವನ ಅಪ್ಪನೂ ಹಾವು ಹಿಡಿಯುತ್ತಿದ್ದವನು. ನಾನು ಮಾಡಿದ ಮೊದಲ ಪೆಟ್ಟಿಗೆಯನ್ನು ಅವನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಆಚಾರ್ರೇ, ಇದು ಹಾವಿನ ಪೆಟ್ಗೆನೋ ಅಕ್ಕಿ ಪೆಟ್ಗೆನೋ? ಸಂದಿ ನೋಡಿ. ನನ್ ಕಿರುಬೆಳ್ಳು ಓಯ್ತದೆ."

"ಕಿರುಬೆಳ್ಳು ತಾನೆ ಕಣಣ್ಣ ಓಗೋದು. ಹಾವಿನ ತಲೆ ಓಗಲ್ಲ ಬುಡು."

"ಬೆಳ್ಳು ಓದ ಕಡೆ ಅದ್ರ ತಲೆ ಓಯ್ತದೆ. ತಲೆ ಓದ ಕಡೆ ಮೈ ಓಯ್ತದೆ. ಆಮ್ಯಾಕೆ ನೀವೂ ಓಯ್ತೀರಿ, ನಿಮ್ಮಿಂದೆ ನಾನೂ ಓಯ್ತೀನಿ. ಬಿಚ್ಚಿ, ಬಿಚ್ಚಿ."

ಬಿಚ್ಚಿದೆ. ಅಂದಿನಿಂದ ಹತ್ತು ವರ್ಷ ಅವನು ಹೇಳಿದಂತೆ ನಾನು ಕೊಯ್ದೆ, ನಾನು ಕೊಯ್ದದ್ದರೊಳಗೆ ಅವನು ಕೈ ಹಾಕಿದ. ಕೊನೆಗೆ ನಾವಿಬ್ಬರೂ ಒಪ್ಪಿದ ಪೆಟ್ಟಿಗೆ ಹೀಗಿತ್ತು: ಉದ್ದನೆಯದು, ಮುಂದಕ್ಕೆ ಜಾಲರಿ, ಎರಡು ಮುಚ್ಚಳ, ನಡುವೆ ಗಾಡಿ, ಅಂದರೆ ಉದ್ದನೆಯ ಸೀಳು, ಕೊರೆದು ಮೇಲಿನಿಂದ ಇಳಿಬಿಡುವ ಹಲಗೆ. ಎರಡು ಕಡೆಗೂ ಒಂದೊಂದು ಮಡಕೆ. ಹಾವು ಮಡಕೆಯೊಳಗೆ ಸುತ್ತಿಕೊಂಡು ಮಲಗಿದಾಗ ಕೊಕ್ಕೆಯ ಕೋಲಿನಿಂದ ಮಡಕೆಯ ಬಾಯಿಗೆ ಮರದ ಬಿರಡೆ ಒತ್ತಬೇಕು. ಆಮೇಲೆ ಕೈ ಹಾಕಿ ನೀರು ಬದಲಿಸಬಹುದು, ನೆಲಕ್ಕೆ ಹಾಸಿದ ಕಾಗದ ತೆಗೆಯಬಹುದು. ಒಂದೊಂದು ಮುಚ್ಚಳಕ್ಕೂ ಒಂದು ಮರದ ಬಿಲ್ಲೆ ನೇತುಹಾಕಿದ್ದೆ, ಒಂದು ಮಗ್ಗುಲಿಗೆ ಒಂದು ಗೀಟು, ಇನ್ನೊಂದು ಮಗ್ಗುಲಿಗೆ ಎರಡು. ಒಂದು ಗೀಟು ಕಂಡರೆ ಆ ಮುಚ್ಚಳದ ಕೆಳಗೆ ಒಂದು ಹಾವು, ಎರಡು ಗೀಟು ಕಂಡರೆ ಎರಡು. ಬಿಲ್ಲೆ ನೋಡದೆ ಮುಚ್ಚಳ ಎತ್ತಬಾರದು; ಹಾವು ಬದಲಿಸಿದವನು ಬಿಲ್ಲೆ ತಿರುಗಿಸದೆ ಕೋಣೆ ಬಿಡಬಾರದು. ನಮಗೆ ಅದೇ ಕಾನೂನು.

ಹಾವನ್ನು ಜೊತೆ ಇಡುವ ವಿಷಯದಲ್ಲಿ ನಾನು ಮೊದಲು ಮೋಸ ಹೋದದ್ದು ಕೇರೆ ಹಾವಿನಿಂದ. ಕಿಕ್ಕೇರಿ ಹತ್ತಿರದ ಒಂದು ತೋಟದಿಂದ ಫೋನು ಬಂತು. ನಾವು ಹೋಗುವ ಹೊತ್ತಿಗೆ ಎರಡು ಕೇರೆಗಳು ಒಂದನ್ನೊಂದು ಹೆಣೆದುಕೊಂಡು ಎದೆಮಟ್ಟಕ್ಕೆ ಎದ್ದು ಬೀಳುತ್ತಿದ್ದವು. ಊರಿನವರು ಅವುಗಳ ಮುಂದೆ ಹೊಸ ಪಂಚೆ ಹಾಸಿ ಕೈಮುಗಿದು ನಿಂತಿದ್ದರು. ಹಾವು ಹೊರಳಿದ ಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟರೆ ಮನೆಗೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಒಬ್ಬ ಮುದುಕಿ ನನ್ನ ತೋಳು ಹಿಡಿದುಕೊಂಡಳು.

"ಗಂಡ ಎಂಡ್ರು ಕಣಪ್ಪ. ಅಗಲಿಸ್ಬ್ಯಾಡಿ, ಸಾಪ ತಟ್ತದೆ. ಒಂದೇ ಚೀಲಕ್ಕಾಕಿ, ಒಂದೇ ಕಡೆ ಮಡಗಿ."

ನಮ್ಮಜ್ಜಿಯೂ ಇದೇ ಮಾತು ಹೇಳಿ ನನ್ನನ್ನು ಬೆಳೆಸಿದ್ದಳು. ಜಬ್ಬಾರಣ್ಣ ಮಾತ್ರ ಗಡ್ಡ ಕೆರೆದುಕೊಂಡು ನಿಂತಿದ್ದ. "ಗಂಡ ಎಂಡ್ತಿ ಇಂಗೆ ಒಬ್ರ ತಲೆ ಒಬ್ರು ನೆಲಕ್ಕೆ ಅಮುಕ್ತಾರಾ ಆಚಾರ್ರೇ?" ಎಂದ. "ನಿಮ್ಮನೇಲಿ ಯೆಂಗೋ ಕಾಣೆ, ನಮ್ಮನೇಲಿ ದಿನಾ ಇದೇಯ" ಎಂದೆ. ತೋಟಕ್ಕೆ ತೋಟವೇ ನಕ್ಕಿತು. ಒಂದೇ ಚೀಲಕ್ಕೆ ಹಾಕಿಕೊಂಡು ಬಂದೆವು.

ನಾಲ್ಕು ತಿಂಗಳು ಒಂದೇ ಪೆಟ್ಟಿಗೆಯಲ್ಲಿ ಇಟ್ಟೆವು. ಒಂದು ಹಾವು ಬೆಚ್ಚಗಿನ ಕಡೆ ಹಾಯಾಗಿ ಚಾಚಿಕೊಂಡಿರುತ್ತಿತ್ತು. ಇನ್ನೊಂದು ತಣ್ಣನೆಯ ಮೂಲೆಯಲ್ಲಿ ಮುದುಡಿ, ಇಲಿ ಕೊಟ್ಟರೂ ಮೂಸುತ್ತಿರಲಿಲ್ಲ. ಬಸುರಿ, ಅದಕ್ಕೇ ಮೇವು ಬಿಟ್ಟಿದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮೊಟ್ಟೆಗೆಂದು ಮರಳಿನ ತೊಟ್ಟಿ ಮಾಡಿದೆ. ಒಂದು ಬೆಳಗ್ಗೆ ಅದು ಹಗ್ಗದಂತೆ ಬಿದ್ದಿತ್ತು. ಬೆನ್ನುಮೂಳೆ ಕೈಗೆ ಎಣಿಸಲು ಸಿಗುತ್ತಿತ್ತು. ಪ್ರಾಣಿಧಾಮಕ್ಕೆ ವಾರಕ್ಕೆರಡು ಸಲ ಬರುತ್ತಿದ್ದ ಡಾಕ್ಟರಮ್ಮ ಅದನ್ನು ಕೊಯ್ದು ನೋಡಿದರು, ಬದುಕಿದ್ದನ್ನೂ ತರಿಸಿ ಬಾಲದ ಬುಡ ಪರೀಕ್ಷೆ ಮಾಡಿದರು.

"ಆಚಾರ್ರೇ, ಎರಡೂ ಗಂಡು" ಎಂದರು. "ನೀವು ನೋಡಿದ್ದು ಸರಸ ಅಲ್ಲ, ಕುಸ್ತಿ. ಹೊಲದಲ್ಲಾದರೆ ಸೋತ ಹಾವು ಓಡಿಹೋಗುತ್ತೆ. ನಿಮ್ಮ ಪೆಟ್ಟಿಗೆಯಲ್ಲಿ ಎಲ್ಲಿಗೆ ಓಡುತ್ತೆ?"

ನಾಲ್ಕು ತಿಂಗಳು ಅದು ತನ್ನನ್ನು ಗೆದ್ದವನ ಮುಂದೆ ಹಸಿದು ಮಲಗಿತ್ತು. ಪೆಟ್ಟಿಗೆಗೆ ಒಂದು ಸಂದಿಯೂ ಇರದಂತೆ ಹೊಂದಿಸಿದವನು ನಾನೇ.

ನೀವು ಇದನ್ನು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ: ಹಾವಿಗೆ ಜೊತೆ ಬೇಕು ಎನ್ನುವುದು ನಮ್ಮ ಸಂಕಟ, ಅದರದ್ದಲ್ಲ.

ಇಷ್ಟಾದ ಮೇಲೂ ಎರಡನೇ ಪಾಠ ಬಂತು, ಅದು ಮ್ಯಾನೇಜರ್ ಸಾಹೇಬರ ಮೂಲಕ. ಆಗಷ್ಟೇ ಬಂದವರು, ಕೆಟ್ಟವರಲ್ಲ, ಆದರೆ ಕುರ್ಚಿಯಲ್ಲಿ ಕೂತೇ ಎಲ್ಲವನ್ನೂ ನೋಡುವವರು. ಕೋಣೆಯ ಸೂರು ಸೋರಿ ಅರ್ಧ ಜಾಗ ಖಾಲಿ ಮಾಡಬೇಕಾಗಿ ಬಂದಾಗ, ಹಾವುಗಳನ್ನು ಎರಡೆರಡಾಗಿ ಕೂಡಿಸಿ ಎಂದರು.

"ಸಾರ್, ಒಂದ್ ಇಲಿಗೆ ಎರಡ್ ಬಾಯಿ ಬಿದ್ರೆ ಕೆಡ್ತದೆ" ಎಂದ ಜಬ್ಬಾರಣ್ಣ.

"ಏನಯ್ಯ, ಹಾವಿಗೂ ಸಿಂಗಲ್ ರೂಮ್ ಬೇಕಾ? ನಮ್ಮ ಕ್ವಾರ್ಟರ್ಸ್‌ನಲ್ಲೇ ಒಂದು ಮನೆಯಲ್ಲಿ ಆರು ಜನ ಇದ್ದಾರೆ."

"ಆ ಆರ್ ಜನ ಒಬ್ರುನ್ನೊಬ್ರು ನುಂಗಲ್ಲ ಸಾರ್."

ಸಾಹೇಬರು ನಕ್ಕರು, ಆದೇಶ ಬದಲಾಗಲಿಲ್ಲ. ಮೂರನೇ ವಾರ ಎರಡು ನಾಗರಗಳಿಗೆ ಎರಡು ಇಲಿ ಹಾಕಿದೆವು. ಎರಡೂ ಒಂದೇ ಇಲಿಯನ್ನು ಹಿಡಿದವು, ಒಂದು ತಲೆಯಿಂದ, ಒಂದು ಬಾಲದಿಂದ. ನುಂಗುತ್ತಾ ನುಂಗುತ್ತಾ ಮೂತಿಗೆ ಮೂತಿ ಸೇರಿತು. ದೊಡ್ಡದು ನಿಲ್ಲಿಸಲಿಲ್ಲ. ಕೊಕ್ಕೆ ಹಿಡಿದು ನಿಂತ ನಮ್ಮಿಬ್ಬರಿಂದಲೂ ಏನೂ ಮಾಡಲಾಗಲಿಲ್ಲ. ಎಳೆದರೆ ಎರಡೂ ಸೀಳುತ್ತವೆ. ಚಿಕ್ಕದರ ಬಾಲ ಬಹಳ ಹೊತ್ತು ಆಡುತ್ತಿತ್ತು. ಮಾರನೆಯ ದಿನ ದೊಡ್ಡದು ಅದನ್ನು ಅರ್ಧ ಕಕ್ಕಿ ತಾನೂ ಸತ್ತಿತು. ವಹಿಯಲ್ಲಿ "ಅನಾರೋಗ್ಯದಿಂದ" ಎಂದು ಬರೆಸಿದರು. ಬರೆದವನು ನಾನು. ಆಗ ಅದು ದೊಡ್ಡ ಸುಳ್ಳು ಅನ್ನಿಸಲಿಲ್ಲ.

ಆಮೇಲಿನ ಸಂಕ್ರಾಂತಿಯ ಹೊತ್ತಿಗೆ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯ ಮುಂದೆ ನಿಂತಿದ್ದ ಕಬ್ಬಿನ ಲಾರಿಯೊಂದರಲ್ಲಿ ಹೆಣ್ಣು ನಾಗರ ಸಿಕ್ಕಿತು. ಚಾಲಕ ಹೆದರಿ ಲಾರಿ ಬಿಟ್ಟು ದೂರದ ಹೋಟೆಲಿನಲ್ಲಿ ಕೂತಿದ್ದ. ಜಬ್ಬಾರಣ್ಣ ಕಬ್ಬಿನ ಜಲ್ಲೆ ಒಂದೊಂದೇ ಇಳಿಸಿ, ಯಾರೋ ಮಚ್ಚಿನಿಂದ ಗೀರಿದ್ದ ಗಾಯದೊಂದಿಗೆ ಅದನ್ನು ಚೀಲಕ್ಕೆ ಇಳಿಸಿದ. ಗಾಯಕ್ಕೆ ಡಾಕ್ಟರಮ್ಮ ಹೊಲಿಗೆ ಹಾಕಿದರು. ಒಂದು ವರ್ಷದಲ್ಲಿ ಅದು ಮೈತುಂಬಿಕೊಂಡು, ಗೋಧಿ ಬಣ್ಣಕ್ಕೆ ತಿರುಗಿ, ನೋಡಿದರೆ ಕಣ್ಣು ತುಂಬುವಂತಾಯಿತು.

ಅದೇ ಸಮಯಕ್ಕೆ ಮೇಲಿನ ಕಚೇರಿಯಿಂದ ಕಾಗದ ಬಂತು. ಇಷ್ಟು ವರ್ಷ ಹಾವು ಸಾಕಿದ್ದೀರಿ, ಒಂದು ಮೊಟ್ಟೆಯಾದರೂ ಒಡೆದು ಮರಿಯಾಗಿದೆಯೇ, ಇಲ್ಲದಿದ್ದರೆ ಈ ವಿಭಾಗ ಯಾಕೆ ಎಂದು ಕೇಳಿದ್ದರು. ಮ್ಯಾನೇಜರ್ ಸಾಹೇಬರು ನಮ್ಮಿಬ್ಬರನ್ನೂ ಕರೆದು ಬಿಡಿಸಿ ಹೇಳಿದರು.

"ಮರಿ ಆದರೆ ವಿಭಾಗ ಉಳಿಯುತ್ತೆ. ಒಂದು ಖಾಯಂ ಹುದ್ದೆಯೂ ಬರುತ್ತೆ. ಅದು ಜಬ್ಬಾರನಿಗೆ, ನಾನು ಮಾತು ಕೊಡ್ತೀನಿ. ಆಗಲಿಲ್ಲ ಅಂದರೆ ಬರೋ ವರ್ಷ ಬೀಗ."

ಜಬ್ಬಾರಣ್ಣ ಹದಿನಾಲ್ಕು ವರ್ಷದಿಂದ ದಿನಗೂಲಿಯವನು. ಹಿರೀಮಗಳಿಗೆ ಬಂದ ಎರಡು ಸಂಬಂಧ, ಹುಡುಗಿಯ ಅಪ್ಪನ ಕೆಲಸ ಗಟ್ಟಿಯಿಲ್ಲ ಎಂಬ ಮಾತಿಗೆ ತಿರುಗಿ ಹೋಗಿದ್ದವು. ಸಾಹೇಬರ ಕೋಣೆಯಿಂದ ಹೊರಗೆ ಬಂದವನು ಬೇವಿನ ಮರದ ಕೆಳಗೆ ಕೂತ. ಆಮೇಲೆ, "ಆಚಾರ್ರೇ, ನನ್ ನೌಕ್ರಿ ಈಗ ಒಂದು ಹಾವಿನ ಹೊಟ್ಟೇಲಿ ಐತೆ" ಎಂದ. "ಈಚೆ ಉಗುಳುಸ್ತೀವಿ ಬುಡಣ್ಣ" ಎಂದೆ ನಾನು. ಆ ಮಾತನ್ನು ನಡೆಸಿಕೊಡಬೇಕೆಂಬ ಹಟವೇ ನನ್ನನ್ನು ಕೆಡಿಸಿತು.

ಅವನ ಕ್ರಮ ಅವನದೇ. ಕೋಣೆಯಲ್ಲಿ ಮೊದಲೇ ಇದ್ದ ಒಂದು ಗಂಡು ನಾಗರವನ್ನೂ ಈ ಹೆಣ್ಣನ್ನೂ ವರ್ಷವಿಡೀ ಹಲಗೆಯ ಆಚೀಚೆ ಇಟ್ಟ. ವಾಸನೆ ತಿಳಿಯಲಿ, ಮೈ ಮುಟ್ಟದಿರಲಿ ಎಂದು ಹಲಗೆಯ ಕೆಳಗಡೆ ಕಡಲೆಕಾಳಿನಷ್ಟು ಸಣ್ಣ ತೂತುಗಳನ್ನು ಕೊರೆಸಿದ. ಚಳಿಗೆ ದೀಪದ ಶಾಖ ಕಡಿಮೆ ಮಾಡಿದ. ಸಂಕ್ರಾಂತಿ ಕಳೆದು ಹೆಣ್ಣು ಪೊರೆಬಿಟ್ಟ ಮೇಲೆ, ಎರಡಕ್ಕೂ ಹೊಟ್ಟೆ ತುಂಬ ತಿನ್ನಿಸಿ ನಾಲ್ಕು ದಿನ ಬಿಟ್ಟು, ಒಂದು ಬೆಳಗ್ಗೆ ಹಲಗೆ ಎತ್ತಿದ. ಎತ್ತಿದವನು ಎರಡು ಗೀಟಿನ ಬಿಲ್ಲೆ ಹಾಕಿ, ಸ್ಟೂಲು ಎಳೆದುಕೊಂಡು ಜಾಲರಿಯ ಮುಂದೆ ಕೂತ. ಊಟವೂ ಅಲ್ಲೇ. ಸಂಜೆ ಗಂಡನ್ನು ಆಚೆ ದಾಟಿಸಿ ಹಲಗೆ ಇಳಿಸಿದ. ಮೂರು ದಿನ ಹೀಗೇ ನಡೆಯಿತು. ನಾನು ಹೋದಾಗೆಲ್ಲ ಅವು ದೂರ ದೂರ ಬಿದ್ದಿರುವುದೇ ಕಂಡಿತು.

ಮೂರನೇ ದಿನ ಸಂಜೆ ಕೇಳಿದೆ, "ಏನಾದ್ರೂ ಆಯ್ತಾ ಜಬ್ಬಾರಣ್ಣ?"

"ನೋಡವ" ಎಂದ ಅಷ್ಟೇ. ಮುಖ ಕೊಟ್ಟು ಮಾತಾಡಲಿಲ್ಲ. "ನಾಳೆಯಿಂದ ಸೇರ್ಸದು ಬ್ಯಾಡ. ಹೆಣ್ಣು ಒಂದೇ ಇರ್ಲಿ" ಎಂದ.

ಸೋತಿದ್ದಾನೆ, ಹೇಳಲು ಬಾಯಿ ಬರುತ್ತಿಲ್ಲ ಎಂದು ನಾನು ತಿಳಿದೆ.

ಮಾರನೆಯ ಬೆಳಗ್ಗೆ ಕೆ.ಆರ್. ಪೇಟೆಯಿಂದ ಅವನ ಭಾವ ತೀರಿಕೊಂಡ ಸುದ್ದಿ ಬಂತು. "ನಾಳೆ ಮಧ್ಯಾಹ್ನದ ಬಸ್ಸಿಗೆ ಬತ್ತೀನಿ. ನೀರು ಮಾತ್ರ ನೋಡ್ಕಳಿ, ಮಿಕ್ಕಿದ್ದು ಮುಟ್ಬ್ಯಾಡಿ" ಎಂದು ಹೊರಟ. ಅವನು ಹೋದ ಮೇಲೆ ನಾನು ಸ್ಟೂಲಿನ ಮೇಲೆ ಕೂತು ಪೆಟ್ಟಿಗೆ ನೋಡಿದೆ. ಗಂಡು ಹಲಗೆಯ ತೂತಿಗೆ ಮೂತಿ ಇಟ್ಟು ಬಿದ್ದಿತ್ತು. ಕಿಕ್ಕೇರಿಯ ಕೇರೆ, ನುಂಗಿದ ನಾಗರ, ಎಲ್ಲ ಗೊತ್ತಿದ್ದವನೇ ನಾನು. ಆದರೆ ಇದು ಗಂಡು-ಹೆಣ್ಣು, ಹೊಟ್ಟೆಯೂ ತುಂಬಿದೆ, ಹಗಲು ಸೇರಿಸಿದರೆ ಮನುಷ್ಯ ಮುಂದೆ ಕೂತಿರುತ್ತಾನೆ, ಅವಕ್ಕೂ ನಾಚಿಕೆ ಇರುವುದಿಲ್ಲವೇ ಎಂದು ಮನಸ್ಸು ವಾದ ಹೂಡಿತು. ಒಂದು ದಿನ ಬಿಡೋಣ, ನಾಳೆ ಬೆಳಗ್ಗೆ ಅವನು ಬರುವ ಮೊದಲು ಹಲಗೆ ಇಳಿಸೋಣ. ಕೂಡಿದರೆ ಅವನ ನೌಕರಿ ಉಳಿಯುತ್ತದೆ. ಆಗದಿದ್ದರೆ ಅವನಿಗೆ ಗೊತ್ತೇ ಆಗುವುದಿಲ್ಲ.

ಹಲಗೆ ಎತ್ತಿ ಗೋಡೆಗೆ ಒರಗಿಸಿದೆ. ಬಿಲ್ಲೆ ತಿರುಗಿಸಲಿಲ್ಲ. ತಿರುಗಿಸಿದರೆ ಸಾಹೇಬರ ಕಣ್ಣಿಗೆ ಬೀಳುತ್ತದೆ, ಯಾರು ಸೇರಿಸಿದ್ದು ಎಂದು ಕೇಳುತ್ತಾರೆ. ಕೋಣೆಗೆ ಕೈ ಹಾಕುವವರು ನಾವಿಬ್ಬರೇ, ಅವನು ಊರಲ್ಲಿಲ್ಲ. ಅದೇ ಧೈರ್ಯ. ನಾನೇ ಕೆತ್ತಿದ ಬಿಲ್ಲೆ, ನಾನೇ ಮಾಡಿದ ಕಾನೂನು.

ಬೆಳಗ್ಗೆ ಏಳಕ್ಕೇ ಹೋದೆ. ಹಾವಿನ ಕೋಣೆಯ ಬೀಗಕ್ಕೆ ಕೈ ಹಾಕುವುದರೊಳಗೆ ಜಿಂಕೆ ಬೇಲಿಯ ಗೇಟು ಮುರಿದಿದೆ, ಬಾರಯ್ಯ ಎಂದು ಸಾಹೇಬರು ಕೂಗಿದರು. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಕೀಲು ತುಕ್ಕು ಹಿಡಿದು ಒಂದಕ್ಕೆ ಮೂರಾಯಿತು. ಗೇಟು ಹೆಗಲ ಮೇಲೆ ಹೊತ್ತುಕೊಂಡಿದ್ದಾಗ ಹಾವಿನ ಕೋಣೆ ಕಡೆಯಿಂದ ಜಬ್ಬಾರಣ್ಣನ ದನಿ ಕೇಳಿತು. ಕೂಗಲ್ಲ, ಸುಮ್ಮನೆ ಕರೆದಂತೆ, "ಆಚಾರ್ರೇ, ವಸಿ ಬನ್ನಿ."

ಅವನು ಮಧ್ಯಾಹ್ನದ ಬಸ್ಸಿಗೆ ಬಂದಿರಲಿಲ್ಲ, ಬೆಳಗಿನ ಬಸ್ಸಿಗೇ ಬಂದುಬಿಟ್ಟಿದ್ದ. ಹಾವಿನ ಮೇಲೆ ಮನಸ್ಸಿತ್ತು. ಬಿಲ್ಲೆ ನೋಡಿದ್ದಾನೆ, ಒಂದು ಗೀಟು. ಮುಚ್ಚಳ ಎತ್ತಿ ಹೆಣ್ಣು ಮಡಕೆಯಲ್ಲಿರುವುದನ್ನು ನೋಡಿದ್ದಾನೆ. ಬಿರಡೆ ಒತ್ತಿದ್ದಾನೆ. ಮಡಕೆ ಅಡ್ಡವಿದ್ದುದರಿಂದ ನಡುಹಲಗೆ ಇಲ್ಲದ್ದು ಕಾಣುವಂತಿರಲಿಲ್ಲ. ಆಮೇಲೇ ಬೋಗುಣಿಗೆ ಕೈ ಹಾಕಿದ್ದಾನೆ. ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಾನೆ. ಬೋಗುಣಿಯ ಹಿಂದೆ, ಕಾಗದದ ಅಡಿಯಲ್ಲಿ, ಗಂಡಿತ್ತು. ಹೆಬ್ಬೆರಳಿನ ಬುಡಕ್ಕೆ ಕಚ್ಚಿ, ಬಿಡದೆ ಅಗಿದಿತ್ತು.

ನಾನು ಹೋದಾಗ ಅವನು ಗೋಡೆಗೊರಗಿ ಕೂತಿದ್ದ. ಮುಚ್ಚಳ ಹಾಕಿ, ಕೊಂಡಿ ಸಿಕ್ಕಿಸಿ ಆಮೇಲೆ ಕೂತಿದ್ದ. ಪಕ್ಕದಲ್ಲೇ ನಾನು ಒರಗಿಸಿದ್ದ ಹಲಗೆ. ನಾನು ಅದನ್ನು ನೋಡಿದೆ, ಅವನು ನೋಡಿದನೋ ಇಲ್ಲವೋ ತಿಳಿಯಲಿಲ್ಲ.

"ಓಡ್ಬ್ಯಾಡಿ, ಜೀಪ್ ಕರೀರಿ" ಎಂದ. ಡಾಕ್ಟರಮ್ಮ ಅವತ್ತು ಇದ್ದದ್ದು ಪುಣ್ಯ. ಜೀಪಿನಲ್ಲಿ ಅವರೇ ಅವನ ತೋಳನ್ನು ಅಲ್ಲಾಡದಂತೆ ಹಿಡಿದು ಕೂತರು. ಶ್ರೀರಂಗಪಟ್ಟಣ ದಾಟುವಾಗ ಅವನ ರೆಪ್ಪೆ ಇಳಿಯತೊಡಗಿತ್ತು. "ನಮ್ ಬೀದಿ ಬಂತಾ?" ಎಂದು ಕೇಳಿದ. ಬಂತು ಎಂದೆ. ಆಮೇಲೆ ಮಾತು ತೊದಲಿತು, ನಿಂತಿತು. ಮೈಸೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಯಂತ್ರ ಅವನ ಉಸಿರು ಆಡಿಸಿತು. ಜೀವ ಉಳಿಯಿತು. ಕೈ ಕಪ್ಪಾಗಿ ಕೊಳೆಯಿತು. ಹೆಬ್ಬೆರಳು, ತೋರುಬೆರಳು, ಅಂಗೈಯ ಒಂದು ಭಾಗ ತೆಗೆದರು.

ಎಂಟನೇ ದಿನ ವಿಚಾರಣೆಯ ಕಾಗದ ಟೈಪಾಗಿ ಬಂತು. "ಕೆಲಸಗಾರನು ಪೆಟ್ಟಿಗೆಯನ್ನು ಸರಿಯಾಗಿ ಪರಿಶೀಲಿಸದೆ ಅಜಾಗರೂಕತೆಯಿಂದ ಕೈ ಹಾಕಿದ್ದರಿಂದ" ಎಂದಿತ್ತು. ಹಲಗೆಯ ಮಾತೇ ಇರಲಿಲ್ಲ, ಯಾಕೆಂದರೆ ಅವನನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದ ದಿನವೇ ನಾನು ಗಂಡನ್ನು ದಾಟಿಸಿ ಹಲಗೆ ಇಳಿಸಿದ್ದೆ.

"ಗಂಡು ಆ ಕಡೆ ಹೇಗೆ ಬಂತಯ್ಯ?" ಎಂದು ಸಾಹೇಬರು ಕೇಳಿದರು.

ನಾನು ನೆಲ ನೋಡಿದೆ.

"ಜಬ್ಬಾರನೇ ಸೇರಿಸಿಬಿಟ್ಟು ಮರೆತಿರಬೇಕು ಪಾಪ" ಎಂದು ಅವರೇ ಉತ್ತರ ಹೇಳಿಕೊಂಡರು. ಸಾಕ್ಷಿ ಎಂಬ ಜಾಗ ತೋರಿಸಿದರು. ಸಹಿ ಹಾಕಿದೆ. ನನಗೂ ಮನೆ, ಮಕ್ಕಳು, ಪಿಂಚಣಿ ಎಂಬ ಲೆಕ್ಕಾಚಾರ ಆ ಒಂದು ಕ್ಷಣದಲ್ಲಿ ಬಂದುಹೋಯಿತು ಎಂದು ಹೇಳಿದರೆ ಸುಳ್ಳು. ಏನೂ ಬರಲಿಲ್ಲ. ಹೆದರಿಕೆ ಬಂತು, ಅಷ್ಟೇ.

ಯುಗಾದಿ ಆದ ವಾರಕ್ಕೆ ಹೆಣ್ಣು ಹದಿನಾರು ಮೊಟ್ಟೆ ಇಟ್ಟಿತು. ಡಾಕ್ಟರಮ್ಮ ಮತ್ತು ನಾನು ಮೊಟ್ಟೆಗಳ ನೆತ್ತಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಮಗ್ಗುಲು ಬದಲಾಗದಂತೆ ಒದ್ದೆ ಮರಳಿಗೆ ಇಳಿಸಿದೆವು. ಎರಡು ತಿಂಗಳ ಮೇಲೆ ಹದಿಮೂರು ಮರಿ. ಬೆರಳಗಲದ ಹೆಡೆ ಎತ್ತಿ ಪ್ಲಾಸ್ಟಿಕ್ ಡಬ್ಬಿಯ ಗೋಡೆಗೆ ಕುಟ್ಟುತ್ತಿದ್ದವು. ಮೊದಲ ದಿನದಿಂದಲೇ ಒಂದೊಂದಕ್ಕೆ ಒಂದೊಂದು ಡಬ್ಬಿ. ಒಟ್ಟಿಗೆ ಬಿಟ್ಟರೆ ಒಡಹುಟ್ಟು ಎಂದು ನೋಡುವುದಿಲ್ಲ. ಮೇಲಿನವರು ಬಂದರು, ಫೋಟೋ ತೆಗೆಸಿಕೊಂಡರು. ವಿಭಾಗ ಉಳಿಯಿತು, ಖಾಯಂ ಹುದ್ದೆಯೂ ಬಂತು. ಜಬ್ಬಾರಣ್ಣನ ಹೆಸರಿನ ಮುಂದೆ, ಕೈಯಿಂದ ಕೆಲಸಕ್ಕೆ ಅಸಮರ್ಥ, ಹಿಂದೆ ಅಜಾಗರೂಕತೆಯ ದಾಖಲೆಯಿದೆ ಎಂದು ಬರೆದರು. ಬೇರೆ ಯಾರೋ ಬಂದರು. ಕಚ್ಚಿದ್ದು ಅವನ ತಪ್ಪು ಎಂದು ಆ ಕಾಗದದಲ್ಲಿ ಇಲ್ಲದೆ ಹೋಗಿದ್ದರೆ, ಕೊನೆಯಪಕ್ಷ ಕಾವಲಿನ ಕೆಲಸವಾದರೂ ಕೊಡುತ್ತಿದ್ದೆವು ಎಂದು ಸಾಹೇಬರೇ ಆಮೇಲೊಮ್ಮೆ ನನ್ನೆದುರು ಅಂದರು.

ಈಗ ಮರದ ಪೆಟ್ಟಿಗೆಗಳ ಕಾಲ ಹೋಗಿದೆ. ಒಳಗಿನದೆಲ್ಲ ಹೊರಗೆ ಕಾಣುವ ತೊಟ್ಟಿಗಳು ಬಂದಿವೆ, ಶಾಖ ತಾನೇ ಹೊಂದಿಕೊಳ್ಳುತ್ತದೆ, ಹಾವನ್ನು ಪಕ್ಕದ ಗೂಡಿಗೆ ದಾಟಿಸದೆ ಬಾಗಿಲೇ ತೆರೆಯುವುದಿಲ್ಲ. ಒಳ್ಳೆಯದೇ ಆಯಿತು. ಆದರೂ ಎಲ್ಲ ಬಾಗಿಲಿಗೂ ಒಬ್ಬ ಮನುಷ್ಯನ ಕೈ ಇದ್ದೇ ಇರುತ್ತದೆ.

ನಿವೃತ್ತಿಯಾದ ತಿಂಗಳು ಗಂಜಾಮಿಗೆ ಹೋದೆ. ಅಷ್ಟು ವರ್ಷ ಹಬ್ಬಕ್ಕೆ, ಮಗಳ ಮದುವೆಗೆ ಹೋಗಿದ್ದೆ, ಸಿಹಿ ಕೊಟ್ಟು ಬಂದಿದ್ದೆ, ಹೇಳಬೇಕಾದ್ದನ್ನು ಹೇಳಿರಲಿಲ್ಲ. ತಮ್ಮನ ಪಂಚರ್ ಅಂಗಡಿಯ ಮುಂದೆ ಕೂತು ಜಬ್ಬಾರಣ್ಣ ಎಡಗೈಯಲ್ಲಿ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ಉಳಿದ ಮೂರು ಬೆರಳಿನ ಕೈಯಿಂದ ಟ್ಯೂಬು ಅಮುಕಿದ್ದ.

"ಅರೇ, ಬನ್ನಿ ಬನ್ನಿ ಪಿಂಚಣಿ ಸಾಹೇಬ್ರು!" ಎಂದ.

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಹಲಗೆ ತೆಗೆದವನು ನಾನು, ಬಿಲ್ಲೆ ತಿರುಗಿಸದವನು ನಾನು, ಸಹಿ ಹಾಕಿದವನು ನಾನು.

ಅವನು ಟ್ಯೂಬು ತಿರುಗಿಸಿದ. "ಗೊತ್ತು. ಕೂತ್ಕಳಿ" ಎಂದ. "ಗ್ವಾಡೆಗೆ ಒರಗ್ಸಿದ್ರಲ್ಲ, ಕಣ್ಣು ಮುಚ್ಕೊಳ್ಳೋಕೆ ಮುಂಚೆ ನೋಡ್ದೆ."

"ಮತ್ತೆ ಯಾಕಣ್ಣ ಬಾಯ್ ಬುಡ್ಲಿಲ್ಲ?"

"ನಿಮ್ ಕೆಲ್ಸ ಓಗಿದ್ರೆ ನನ್ ಬೆಳ್ಳು ಬತ್ತಿತ್ತಾ? ಮೊದ್ಲು ನೀವೇ ಹೇಳ್ತೀರಿ ಅಂತ ಕಾದೆ. ಒಂದ್ ವರ್ಷ ಬೋ ಸಿಟ್ಟಿತ್ತು. ಆಮ್ಯಾಕೆ ಸಾಕಾಯ್ತು."

ಅಂಗಡಿಯ ಮುಂದೆ ಒಂದು ಸ್ಕೂಟರು ಬಂದು ನಿಂತಿತು, ಗಾಳಿ ಹಿಡಿಸಿಕೊಂಡು ಹೋಯಿತು. ಅವನು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದ.

"ಯಾಕೆ ತೆಗುದ್ರಿ ಆಚಾರ್ರೇ?"

"ಮೂರ್ ದಿನ ಆದ್ರೂ ಸೇರ್ಲಿಲ್ಲವಲ್ಲ ಅಂತ. ನಿಮ್ ನೌಕ್ರಿಗೆ ಅಂತ."

ಅವನು ನನ್ನನ್ನೇ ನೋಡಿದ. ಆ ದಿನಗಳಲ್ಲಿ ಹಾವು ನೋಡುತ್ತಾ ಕೂರುತ್ತಿದ್ದ ಹಾಗೆ, ಅಲುಗಾಡದೆ.

"ಅವು ಮೂರ್ನೇ ದಿನ ಮಧ್ಯಾಹ್ನವೇ ಸೇರಿದ್ವು" ಎಂದ. "ನೀವು ಊಟಕ್ಕೋಗಿದ್ರಿ. ಒಂದ್ ಗಂಟೆ ಮೇಲಿತ್ತು. ನಾನು ಕಣ್ಣಾರೆ ನೋಡ್ದೆ."

ಟೈರಿನ ಮೇಲೆ ಕೂತೆ. "ಸಂಜೆ ಕೇಳಿದ್ನಲ್ಲ ಜಬ್ಬಾರಣ್ಣ. ಯಾಕೆ ಹೇಳ್ಲಿಲ್ಲ?"

"ನಮ್ಮಪ್ಪ ಹೇಳೋರು, ಮೊಟ್ಟೆ ನೆಲಕ್ಕೆ ಬೀಳೋಗಂಟ ಯಾರ್ಗೂ ಹೇಳ್ಬ್ಯಾಡ, ನಜರ್ ತಾಕ್ತದೆ, ಕಣ್ಣು ಬೀಳ್ತದೆ ಅಂತ. ನಮ್ಮ ಕಸುಬ್ನಲ್ಲಿ ಎಲ್ರೂ ಅಂಗೇಯ. ನೌಕ್ರಿ ಬ್ಯಾರೆ ಅದ್ರ ಹೊಟ್ಟೇಲಿತ್ತಲ್ಲ, ಹೆದ್ರುಕಂಡೆ. ನಿಮ್ಮ ನಜರ್ ಏನೂ ಕೆಟ್ಟದ್ದು ಅಂತಲ್ಲ ಮತ್ತೆ."

ಒಳಗಿನಿಂದ ಅವನ ಹೆಂಡತಿ ಎರಡು ಲೋಟ ಚಾ ತಂದು ಇಟ್ಟಳು.

ಆ ವಾರವೇ ಕಚೇರಿಗೆ ಕಾಗದ ಬರೆದೆ, ವಿಚಾರಣೆಯ ವರದಿ ಸುಳ್ಳು, ತಪ್ಪು ನನ್ನದು ಎಂದು. ಮುಗಿದ ಕಡತ, ಈಗ ತೆರೆಯಲಾಗದು ಎಂದು ಎರಡು ಸಾಲಿನ ಉತ್ತರ ಬಂತು. ಹಾವಿನ ಕೋಣೆಯ ದಾಖಲೆಯಲ್ಲಿ ಜಬ್ಬಾರಣ್ಣ ಈಗಲೂ ಅಜಾಗರೂಕ. ಹೊಸಬರಿಗೆ ಕಲಿಸುವಾಗ ಆ ವರದಿಯನ್ನೇ ಓದಿ, ಹೀಗೆ ಮಾಡಬೇಡಿ ಎಂದು ಎಚ್ಚರಿಸುತ್ತಾರಂತೆ. ನನ್ನ ಹತ್ತಿರ ಬಂದಿದ್ದ ಆ ಹೆಣ್ಣುಮಗಳೇ ಹೇಳಿದ್ದು. ಅವಳೆದುರಿಗೂ ಅವತ್ತು ನಾನು ಸುಮ್ಮನಿದ್ದುಬಿಟ್ಟೆ.

ಇದನ್ನು ಬರೆಯುತ್ತೇನೆ ಎಂದು ಜಬ್ಬಾರಣ್ಣನಿಗೆ ಫೋನಿನಲ್ಲಿ ಹೇಳಿದೆ. ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ.

"ಬರೀರಿ" ಎಂದ. "ಬರ್ದ್ರೆ ಪೂರಾ ಬ‌ರೀರಿ. ನಾನು ಹೇಳ್ದೆ ಇದ್ದಿದ್ದೂ ಬರೀರಿ. ಬಿರಡೆ ಒತ್ತೇ ಕೈ ಹಾಕ್ದೆ ಅನ್ನೋದು ಮಾತ್ರ ದಪ್ಪ ಅಕ್ಷರ್ದಲ್ಲಿ ಬರೀರಿ."

ಬರೆಯುತ್ತಿದ್ದೇನೆ: ಅಬ್ದುಲ್ ಜಬ್ಬಾರ್ ಬಿಲ್ಲೆ ನೋಡಿದ, ಹಾವು ನೋಡಿದ, ಬಿರಡೆ ಒತ್ತಿದ, ಆಮೇಲೆ ಕೈ ಹಾಕಿದ.